ಬೂದನ ಕಾಲುಚೀಲ

ಅಂಗಾಲಿನಿಂದ ಗಾಜಿನ ಚೂರು ಹೊರಬಂದಾಗ ನಾಯಿ ಬೂದ ಕೂಗಲಿಲ್ಲ. ಪರಿಮಳಾಳ ಮುಂಗೈಯನ್ನು ಹಲ್ಲುಗಳ ನಡುವೆ ಹಿಡಿದ, ಕಚ್ಚದೆ ಬಿಟ್ಟ. ಅಕ್ಕಿಕಾಳಿನಷ್ಟು ಚೂರು. ಹಳ್ಳದ ದಡದಲ್ಲಿ ಯಾರೋ ಕುಡಿದು ಒಡೆದುಹಾಕಿದ ಬಾಟಲಿಯದು. ಹುಬ್ಬು ಕೀಳುವ ಚಿಮಟದಲ್ಲಿ ಅದನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿದಳು.

"ಬಂತು ಕಣತ್ತೆ."

ಜಗುಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ ಚಿಕ್ಕಬಸಮ್ಮ ತಲೆ ಎತ್ತಲಿಲ್ಲ. "ಬಂದ್ರೇನು? ಕುಂಟ್ ನಾಯಿ ಕಟ್ಕಂಡು ಆಡ್ ಕಾಯಕ್ಕಾಯ್ತದಾ?"

ಮಾತು ಸುಳ್ಳಾಗಿರಲಿಲ್ಲ. ತಾಳಮಲೆ ಕಡೆಯ ಕಾಡಂಚಿನಲ್ಲಿ ಅವರ ಹನ್ನೊಂದು ಆಡು ಮೇಯುವಾಗ, ಲಂಟಾನದ ಪೊದೆಯೊಳಗೆ ಚಿರತೆ ಇದೆಯೋ ಇಲ್ಲವೋ ಎಂಬುದು ಮೊದಲು ತಿಳಿಯುವುದು ಬೂದನಿಗೆ. ಅವನಿಲ್ಲದೆ ಅತ್ತ ಹೆಜ್ಜೆ ಇಡುವಂತಿಲ್ಲ. ಆಡುಗಳನ್ನು ದೊಡ್ಡಿಯಲ್ಲೇ ಕೂಡಿ, ಮೂರು ಹೊತ್ತೂ ಸೊಪ್ಪು ಕಡಿದು ಹೊರಬೇಕು.

"ಎಂಟ್ ದಿನ ನೋಡ್ತೀನಿ," ಎಂದಳು ಅತ್ತೆ. "ಆಗ್ಲೂ ಕುಂಟ್ತಿದ್ರೆ ನಂಜುಂಡನ್ ತಾವ ಕಳ್ಸ್‌ಬುಡದು. ಅವನತ್ರ ಒಂದ್ ಮರಿ ಅದಂತೆ, ಅದ ತರದು."

ನಂಜುಂಡ ಅತ್ತೆಯ ತಮ್ಮ. ಹಾಸನೂರಿನಲ್ಲಿ ಹೆದ್ದಾರಿಗೆ ಮುಖ ಮಾಡಿದ ಟೀ ಅಂಗಡಿ ಅವನದು. ಅಲ್ಲಿಗೆ ಹೋದ ನಾಯಿಗಳಿಗೆ ಬನ್ನು ಸಿಗುತ್ತಿತ್ತು, ಒಂದೆರಡು ತಿಂಗಳಲ್ಲಿ ಲಾರಿಯೂ ಸಿಗುತ್ತಿತ್ತು.

"ಎಂಟ್ ದಿನ ಸಾಕು," ಎಂದಳು ಪರಿಮಳ.

ಬಾಯಿಮಾತಿಗೆ ಅಂದದ್ದಲ್ಲ. ಹೋದ ವರ್ಷ ಬೂದನ ಕಾಲಿಗೆ ಮುಳ್ಳು ಹೊಕ್ಕಿದ್ದಾಗ ತಾಳವಾಡಿಯ ದನದ ಡಾಕ್ಟರು ಮಾಡಿದ್ದನ್ನೆಲ್ಲ ಅವಳು ಕಣ್ಣಲ್ಲೇ ಕಲಿತಿದ್ದಳು. ಗಾಯ ಆಳಕ್ಕಿಳಿದಿದ್ದರೆ, ರಕ್ತ ನಿಲ್ಲದಿದ್ದರೆ, ವಾಸನೆ ಬಂದರೆ ತನ್ನ ಬಳಿ ತರಬೇಕು. ಮೇಲುಮೇಲಿನದಾದರೆ ನೀನೇ ಸಾಕು ಎಂದಿದ್ದರು. ಇದು ಮೇಲುಮೇಲಿನದು. ಕಾಯಿಸಿ ಆರಿಸಿದ ನೀರಿನಿಂದ ತೊಳೆದಳು. ಒಗೆದ ಬಟ್ಟೆಯಿಂದ ಅಂಗಾಲಿನ ಮೆತ್ತೆಯನ್ನು ಒತ್ತಿ ಹಿಡಿದು, ನಡುನಡುವೆ ಎತ್ತಿ ನೋಡುವ ಆಸೆಯನ್ನು ತಡೆದು, ರಕ್ತ ನಿಲ್ಲುವವರೆಗೆ ಕೂತಳು. ಮೆಡಿಕಲ್ಲಿನ ಅಯೋಡಿನ್ನನ್ನು ಹಾಲಿಲ್ಲದ ಟೀ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹಚ್ಚಿದಳು. ಬೆರಳುಗಳ ಸಂದಿಯ ತೇವ ಒರೆಸಿ, ತನ್ನ ಕಿರುಬೆರಳು ತೂರುವಷ್ಟು ಸಡಿಲವಾಗಿ ಬಟ್ಟೆ ಸುತ್ತಿದಳು.

ಅದರ ಮೇಲೆ ಗಂಡ ಮುರುಗನ್‌ನ ಕಾಲುಚೀಲ.

ಮುರುಗನ್ ಫಾರೆಸ್ಟಿನಲ್ಲಿ ವಾಚರ್. ಬೂಟಿನ ಜೊತೆ ಕೊಟ್ಟಿದ್ದ ಎರಡು ಜೊತೆ ಕಾಲುಚೀಲ ಅವನ ಹೆಮ್ಮೆ. ಮರುದಿನ ಬೆಳಿಗ್ಗೆ ಮೂರೇ ಸಿಕ್ಕಾಗ ಮನೆಯೆಲ್ಲ ಹುಡುಕಿ, ಕೊನೆಗೆ ನಾಯಿಯ ಕಾಲಲ್ಲಿ ಕಂಡ.

"ನಾನ್ ಡ್ಯೂಟಿಗೋಗ್‌ಬೇಕಲ್ಲಮ್ಮಿ."

"ಅವ್ನೂ ಡ್ಯೂಟಿಗೆ ಓಗೋನೇ. ನಿಂಗಿಂತ ಮದ್ಲು ಚಿರತೆ ಕಂಡಿಡಿಯೋನು."

ಮುರುಗನ್ ಬೂಟಿನ ಲಾಡಿ ಕಟ್ಟಿಕೊಂಡು ಹೊರಟುಹೋದ.

ದಿನಾ ಬೆಳಿಗ್ಗೆ ಬಿಚ್ಚುವುದು, ತೊಳೆಯುವುದು, ಹೊಸ ಬಟ್ಟೆ ಸುತ್ತುವುದು. ಮೂರನೇ ದಿನಕ್ಕೆ ಸೀಳು ಅಂಚುಗಳನ್ನು ಹತ್ತಿರಕ್ಕೆ ಎಳೆದುಕೊಂಡಿತ್ತು. ಐದನೇ ದಿನ ಸೊಪ್ಪಿನ ಹೊರೆ ಇಳಿಸಿ ಬಂದವಳಿಗೆ ಬೂದ ಕಾಲುಚೀಲವನ್ನು ಹಲ್ಲಲ್ಲಿ ಎಳೆಯುತ್ತ ಕುಂಯ್‌ಗುಡುವುದು ಕಾಣಿಸಿತು. ಬಿಚ್ಚಿದರೆ ಒಳಗೆಲ್ಲ ಕೆಂಪು.

ಐದು ದಿನವಾದ ಮೇಲೂ ಇಷ್ಟು ರಕ್ತವೇ? ಹಾಗಾದರೆ ಒಳಗೆ ಇನ್ನೊಂದು ಚೂರು ಉಳಿದಿರಬೇಕು. ಎಂಟು ದಿನ ಸಾಕು ಎಂದ ಬಾಯನ್ನು ಶಪಿಸುತ್ತ ಬೆರಳಿಟ್ಟು ನೋಡಿದಳು. ಅಂಟಲಿಲ್ಲ, ಪುಡಿಪುಡಿಯಾಗಿ ಉದುರಿತು. ಮೂಗಿಗೆ ಹಿಡಿದಳು. ಅರಿಸಿನ. ಸುಣ್ಣ ಬೆರೆತು ಕುಂಕುಮದ ಬಣ್ಣಕ್ಕೆ ತಿರುಗಿದ ಅರಿಸಿನ.

ಜಗುಲಿಯತ್ತ ತಿರುಗಿದಳು. ಅತ್ತೆ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆದರೂ ಉಂಗುರ ಬೆರಳಿನ ತುದಿ ಕೆಂಪಗೆ ಕಂಡುಬಿಟ್ಟಿತ್ತು.

"ಅತ್ತೆ, ಕೈ ತೋರ್ಸಿ."

"ಎಲೆ ಆಕ್ಕಂಡಿದ್ದೆ."

"ಎಲೆಗೆ ಯಾವಾಗಿಂದ ಅರಿಸಿನ ಅಚ್ಚದ ಕಲ್ತ್ರಿ?"

ಚಿಕ್ಕಬಸಮ್ಮ ಸೆರಗಿನಿಂದ ಕೈ ಹೊರತೆಗೆದಳು. "ನಿನ್ ಬಣ್ಣದ್ ನೀರ್ನ ನಂಬ್ಕಂಡ್ ಕೂತ್ರೆ ಎಂಟ್ ದಿನಕ್ ವಾಸಿಯಾದದಾ ಅಂತ ಭಯ ಆಯ್ತು ಕಣಮ್ಮಿ. ನಿನ್ ಗಂಡನ್ ಮಂಡಿ ಗಾಯಕ್ಕೆಲ್ಲ ಇದ್ನೇ ಅಚ್ಚಿದ್ದು. ಈಗ ನೋಡು, ಕಾಡೆಲ್ಲ ಸುತ್ತ್‌ತವ್ನೆ."

"ನನ್ ಗಂಡ ಮಂಡಿ ನೆಕ್ಕ್ತಿರ್ಲಿಲ್ಲ ಅತ್ತೆ. ಇವ್ನು ನೆಕ್ಕ್ತಾನೆ. ಸುಣ್ಣ ನಾಲ್ಗೆನೂ ಸುಡ್ತದೆ, ಗಾಯನೂ ಸುಡ್ತದೆ."

ಅತ್ತೆ ಎದ್ದಳು. ಬೈಯುತ್ತಾಳೆಂದು ಪರಿಮಳ ಕಾದಳು. ಆದರೆ ಅತ್ತೆ ಒಳಗೆ ಹೋಗಿ ಆರಿದ ನೀರಿನ ಚೊಂಬು ತಂದು ಬೂದನ ತಲೆಯ ಬಳಿ ಕೂತು, ಎರಡೂ ಕೈಯಲ್ಲಿ ಅವನ ಮುಖ ಹಿಡಿದುಕೊಂಡಳು. "ತೊಳಿ. ನಾನಿಡ್ಕತೀನಿ."

ಪರಿಮಳ ಹೊಸ ನೀರು ಸುರಿದು ಸುರಿದು, ಕೆಂಪು ಹೋಗುವವರೆಗೆ ತೊಳೆದಳು. ಕೆಳಗೆ ಸೀಳು ಮುಚ್ಚಿಕೊಂಡೇ ಇತ್ತು. ಅಂಚು ಮಾತ್ರ ಸ್ವಲ್ಪ ಉರಿದಿತ್ತು. ಉಳಿದ ಮೂರು ದಿನ ಬೂದ ಕಾಲುಚೀಲದ ಕಡೆ ಮೂತಿ ತಿರುಗಿಸಿದಾಗಲೆಲ್ಲ ಜಗುಲಿಯಿಂದ "ಲೇ" ಎಂಬ ಗದರಿಕೆ ಕೇಳುತ್ತಿತ್ತು. ಅದು ಪರಿಮಳಾಳ ದನಿಯಾಗಿರಲಿಲ್ಲ.

ಎಂಟನೇ ದಿನ ಬಟ್ಟೆ ಬಿಚ್ಚಿದಳು. ಮೆತ್ತೆಯ ಮೇಲೆ ಹೊಸ ಚರ್ಮದ ತೆಳು ಗೆರೆ. ಒತ್ತಿದರೂ ಬೂದ ಕಾಲು ಎಳೆದುಕೊಳ್ಳಲಿಲ್ಲ. ಅಂಗಳದ ಆ ತುದಿಗೆ ಹೋಗಿ ಕರೆದಳು. ಮೊದಲ ಎರಡು ಹೆಜ್ಜೆ ಅನುಮಾನದಲ್ಲಿಟ್ಟ. ಆಮೇಲೆ ನಾಲ್ಕೂ ಕಾಲೂರಿ, ಕುಂಟದೆ, ಕೋಳಿಯೊಂದನ್ನು ಸುಮ್ಮನೆ ಹೆದರಿಸಿ ಬಂದ.

ಅಷ್ಟರಲ್ಲಿ ಚಿಕ್ಕಬಸಮ್ಮನ ಫೋನು ಹೊಡೆದುಕೊಂಡಿತು. ನಂಜುಂಡ. ಮರಿಯನ್ನು ಬಸ್ಸಿನಲ್ಲಿ ಕಳಿಸಲೇ ಎಂದು ಕೇಳುತ್ತಿದ್ದ.

"ಯಾತಕ್ಲಾ ಮರಿ? ನಮ್ಮನೇಲಿ ನಾಯಿ ಇಲ್ವಾ?" ಎಂದು ಅವಳು ಫೋನು ಇಟ್ಟಳು. ದೊಡ್ಡಿಯ ಬಾಗಿಲ ಅಗಳಿಯನ್ನು ತಾನೇ ತೆಗೆದಳು. ಹನ್ನೊಂದು ಆಡೂ ಒಂದನ್ನೊಂದು ತುಳಿಯುತ್ತ ಹೊರಬಿದ್ದವು.

"ಜಲ್ಲಿ ದಾರೀಲಿ ಬ್ಯಾಡ," ಎಂದಳು ಸೊಸೆಗೆ. "ಒಲದ್ ಬದ ಇಡ್ಕಂಡೋಗು, ಮೆತ್ತಗದೆ. ಇವತ್ತು ದೂರ ಓಗ್‌ಬ್ಯಾಡ. ಬಂದ್ಮೇಲೆ ಕಾಲ್ ನೋಡು."

"ನೀವೇ ನೋಡಿ ಅತ್ತೆ. ಬರೀ ಕಣ್ಣಲ್ಲಿ."

ಚಿಕ್ಕಬಸಮ್ಮ ಎಲೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಂತಿಯ ಮೇಲೆ ಒಣಗುತ್ತಿದ್ದ ಒಂಟಿ ಕಾಲುಚೀಲವನ್ನು ತೆಗೆದು ಮಡಿಸಿದಳು. ಮಗನ ಗೂಟಕ್ಕೆ ಹಾಕಲಿಲ್ಲ. ಅಯೋಡಿನ್ ಸೀಸೆಯ ಪಕ್ಕದಲ್ಲಿಟ್ಟಳು.