ಎಂಟನೇ ದಿನದ ನೀರು

ಬಾಟಲಿಯ ಮೂತಿಯನ್ನು ಮೊದಲ ಕುಂಡದ ಅಂಚಿಗೆ ತಾಗಿಸಿದ್ದಳಷ್ಟೇ, ಕರೆಗಂಟೆ ಸದ್ದಾಯಿತು. ಭಾನುವಾರ ಬೆಳಿಗ್ಗೆ ಅವಳ ಮನೆಗೆ ಬರುವವರು ಯಾರೂ ಇರಲಿಲ್ಲ. ತೆರೆದರೆ ತಂಗಿ. ಅಕ್ಕನ ಕಣ್ಣು ತಂಗಿಯ ಮುಖದ ಮೇಲೆ ನಿಲ್ಲದೆ ಅವಳ ಬೆನ್ನ ಹಿಂದೆ, ಮೆಟ್ಟಿಲ ತಿರುವಿನವರೆಗೂ ಹುಡುಕಿ ಬಂತು.

"ಕರ್ಕೊಂಡು ಬಂದಿಲ್ಲ ಅಕ್ಕಾ," ಎಂದಳು ತಂಗಿ. "ಪಕ್ಕದ ಮನೆಯವರ ಹತ್ರ ಬಿಟ್ಟಿದೀನಿ. ಹನ್ನೆರಡರೊಳಗೆ ವಾಪಸ್ ಹೋಗ್ಬೇಕು."

"ಒಳಗೆ ಬಾ. ಹೊಸಿಲಲ್ಲೇ ನಿಂತು ವರದಿ ಒಪ್ಪಿಸ್ಬೇಡ."

ಅಕ್ಕನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿನ ಮೇಲೆ ಮೇಣ ಕೂರಿಸಿ ಒಂದೊಂದೇ ಹಲ್ಲು ಜೋಡಿಸುತ್ತ ಹದಿನೆಂಟು ವರ್ಷ ಕಳೆದಿದ್ದಳು. "ಊರಿಗೆಲ್ಲ ಹಲ್ಲು ಕೊಡ್ತೀಯ, ನೀನು ಮಾತ್ರ ಹಲ್ಲು ಬಿಡಲ್ವಲ್ಲ ಮಾರಾಯ್ತಿ," ಎಂದು ಪಕ್ಕದ ಮೇಜಿನ ಪಾಲಿಶ್ ಮಾಡುವಾತ ರೇಗಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಅವನು ಹಾಗನ್ನುವುದನ್ನು ಬಿಟ್ಟ. ತಂಗಿಯ ಮಗಳು ಚೋಟು ಮನೆಗೆ ಬಂದಿದ್ದಳು. ತಂಗಿ ಮನಸ್ಸಿನ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ್ದಳು. ಗಂಡನೆನ್ನಿಸಿಕೊಂಡವನು ಕಾಯಿಲೆ ಕಾಣಿಸಿಕೊಂಡ ಆರು ತಿಂಗಳಲ್ಲೇ ಕೈಬಿಟ್ಟಿದ್ದ. ಎರಡು ವರ್ಷದ, ಚೋಟುದ್ದದ ಮಗು ದೊಡ್ಡಮ್ಮನ ಮಡಿಲಿಗೆ ಬಿತ್ತು. 'ದೊಡ್ಡಮ್ಮ' ಎನ್ನಲು ನಾಲಿಗೆ ಹೊರಳದೆ ಮೊದಲು 'ದೊಮ್ಮ' ಆಯಿತು. ಆಮೇಲೆ ಬರೀ 'ಅಮ್ಮ' ಆಯಿತು. ತಿದ್ದಬೇಕಿತ್ತು. ತಿದ್ದಲಿಲ್ಲ.

ತಂಗಿ ಗುಣವಾಗಿ ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು, ಎರಡು ಬಸ್ಸಿನಾಚೆ ಒಂದು ಕೋಣೆಯ ಮನೆ ಮಾಡಿದಳು, ಕಳೆದ ತಿಂಗಳು ಮಗಳನ್ನು ಕರೆದೊಯ್ದಳು. ಮಗು ಅಲ್ಲಿ ಹೊಂದಿಕೊಳ್ಳುವವರೆಗೆ, ಒಂದೆರಡು ತಿಂಗಳು, ನೀವು ಆ ಕಡೆ ಹೋಗದಿದ್ದರೆ ಒಳ್ಳೆಯದು ಎಂದು ತಂಗಿಯ ವೈದ್ಯೆ ಹೇಳಿದಾಗ ಅಕ್ಕ ತಲೆಯಾಡಿಸಿದ್ದಳು. ಇವತ್ತಿಗೆ ಇಪ್ಪತ್ತಾರು ದಿನ. ಕೈ ತೊಳೆಯಲು ಚೋಟು ಹತ್ತಿ ನಿಲ್ಲುತ್ತಿದ್ದ ಮಣೆಗೆ ಅವಳು ದಿನಾ ಕಾಲು ಎಡವುತ್ತಿದ್ದಳು, ಎತ್ತಿಡುತ್ತಿರಲಿಲ್ಲ. ಬೀದಿಯಲ್ಲಿ ಒಬ್ಬಳೇ ನಡೆಯುವಾಗಲೂ ಹೆಜ್ಜೆ ಸಣ್ಣದಾಗಿಯೇ ಬೀಳುತ್ತಿತ್ತು.

ತಂಗಿ ಕಿಟಕಿಯ ಬಳಿ ನಿಂತಳು. ಅಲ್ಲಿ ಐದು ಪುಟ್ಟ ಕುಂಡಗಳು. ಒಂದೊಂದರಲ್ಲೂ ದಪ್ಪನೆಯ ಎಲೆ, ಅದರ ಬುಡದಲ್ಲಿ ಬೆರಳುಗುರಿನಷ್ಟು ಮರಿಗಿಡ.

"ಇವೇನಾ ಅಕ್ಕಾ? ಚೋಟು ದಿನಾ ಕೇಳ್ತಾಳೆ, ನನ್ನ ಎಲೆಗಳಿಗೆ ಕಾಲು ಬಂತಾ ಅಂತ."

"ಬಂತು. ಅವಳು ಹೋದ ಮೇಲೆ." ಅಕ್ಕ ಬಾಟಲಿ ಎತ್ತಿಕೊಂಡಳು. ಎಲೆ ಕಿತ್ತು, ಗಾಯ ಒಣಗಲು ಬಿಟ್ಟು, ಮರಳಿನ ತಟ್ಟೆಯಲ್ಲಿ ಸಾಲಾಗಿ ಮಲಗಿಸಿದ್ದವಳು ಚೋಟು. ಗುಲಾಬಿ ದಾರದಂಥ ಬೇರುಗಳನ್ನು ಮೊದಲು ಕಂಡವಳು ಅಕ್ಕ, ಒಬ್ಬಳೇ. ಹೋದ ಭಾನುವಾರ ಅವನ್ನು ತನ್ನ ಕೆಲಸದ, ಮೇಣ ಕರಗಿಸುವ ಚಮಚದಿಂದ ಎಬ್ಬಿಸಿ ಕುಂಡಗಳಿಗೆ ಬದಲಾಯಿಸಿದ್ದಳು. "ಒಂದು ವಾರ ಹನಿ ನೀರೂ ಹಾಕ್ಬೇಡ ಅಂದಿದ್ದ ನರ್ಸರಿಯವನು. ಕೀಳುವಾಗ ಬೇರಿಗೆ ಪೆಟ್ಟಾಗಿರುತ್ತಂತೆ, ಒದ್ದೆಯಾದ್ರೆ ಕೊಳೆಯುತ್ತಂತೆ. ಇವು ಬಾಯಾರಿ ಸಾಯಲ್ಲ ಮೇಡಂ, ಅಕ್ಕರೆಗೆ ಸಾಯ್ತವೆ ಅಂದ. ಇವತ್ತು ಎಂಟನೇ ದಿನ."

"ನಾನು ಹಾಕ್ಲಾ?"

ತಂಗಿ ಕೈ ಚಾಚಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಅಕ್ಕ ನೋಡಿದ್ದನ್ನು ನೋಡಿ, "ಈ ನಡುಕ ಮಾತ್ರೆಯದು. ನನ್ನದಲ್ಲ," ಎಂದು ನಕ್ಕಳು.

ಅಕ್ಕ ಬಾಟಲಿ ಕೊಟ್ಟಳು. "ಎಲೆ ಮೇಲೆ ಬೀಳದ ಹಾಗೆ. ಬುಡದ ಸುತ್ತ. ಕೆಳಗಿನ ತೂತಿನಿಂದ ಇಳಿಯೋವರೆಗೆ ಹಾಕು, ಆಮೇಲೆ ತಟ್ಟೇಲಿ ನಿಂತ ನೀರು ಚೆಲ್ಲು." ಮೂತಿ ಮಣ್ಣಿಗೆ ತಗಲದೆ ಅತ್ತಿತ್ತ ತೊನೆಯಿತು. ಒಂದು ಹನಿ ಎಲೆಯ ಮೇಲೆ ಬಿತ್ತು. ಅಕ್ಕನ ಕೈ ತಾನಾಗಿ ಮುಂದೆ ಹೋಯಿತು.

"ಬಿಡಕ್ಕಾ, ನಾನೇ ಮಾಡ್ತೀನಿ."

ಅಕ್ಕ ಕೈಯನ್ನು ಸೆರಗಿನಡಿ ಸುತ್ತಿಕೊಂಡಳು. ತಂಗಿ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು, ಉಸಿರು ಬಿಗಿಹಿಡಿದು ಒತ್ತಿದಳು. ಒಣಮಣ್ಣು ಚುಂಯ್ ಎಂದು ನೀರು ಹೀರಿತು. ಎರಡನೇ ಕುಂಡ, ಮೂರನೆಯದು. ನಾಲ್ಕನೆಯದಕ್ಕೆ ಬಂದಾಗ, ತಲೆ ಎತ್ತದೆಯೇ ಹೇಳಿದಳು:

"ಅವಳು ಮಲಗ್ತಿಲ್ಲ ಅಕ್ಕಾ. ರಾತ್ರಿ ಎಚ್ಚರವಾಗಿ ಅಮ್ಮಾ ಅಂತ ಕೂಗ್ತಾಳೆ. ಓಡಿ ಹೋಗ್ತೀನಿ. ನನ್ನ ಮುಖ ನೋಡಿ, ನೀನಲ್ಲ ಅಂತಾಳೆ."

ಅಕ್ಕನ ಎದೆಯೊಳಗೆ ಏನೋ ಹಿಗ್ಗಿತು. ಅದು ಸಂತೋಷವೆಂದು ತಿಳಿದದ್ದೇ ತಡ, ನಾಚಿಕೆಯಿಂದ ಮುಖ ಬಿಸಿಯಾಯಿತು. ಅವಳು ಅಡಿಗೆಮನೆಗೆ ಹೋಗಿ ಸುಮ್ಮನೆ ಒಂದು ಲೋಟ ತೊಳೆದು ಬಂದಳು.

"ಅದಕ್ಕೇ ಬಂದೆ," ಎಂದಳು ತಂಗಿ. "ನೀನು ಏನು ಮಾಡ್ತಿದ್ದೆ ಹೇಳು. ಬರ್ಕೊಳ್ತೀನಿ."

ಅಕ್ಕ ಹೇಳಿದಳು. ದೀಪ ಹಾಕಬಾರದು, ಏನಾಯ್ತು ಅಂತ ಕೇಳಬಾರದು. ಹಾಲು ಕೊಟ್ಟರೆ ಕೆನೆ ತೆಗೆದು ಕೊಡಬೇಕು. ಕಾಲುಚೀಲ ಹಾಕಿದರೆ ಕಿತ್ತೆಸೆಯುತ್ತಾಳೆ, ಆದರೆ ಪಾದ ತಣ್ಣಗಿರಬಾರದು. ಗೋಡೆ ಕಡೆ ಮುಖ ಮಾಡಿ ಮಲಗಲು ಬಿಡಬೇಕು. ತಂಗಿ ಚೀಟಿಯ ಎರಡೂ ಬದಿ ತುಂಬಿಸಿ, "ಇಷ್ಟೇನಾ?" ಎಂದಳು.

"ಇಷ್ಟೇ."

ಇಷ್ಟೇ ಆಗಿರಲಿಲ್ಲ. ಇನ್ನೊಂದಿತ್ತು. ಅದೊಂದನ್ನಾದರೂ ತನಗೆ ಇಟ್ಟುಕೊಳ್ಳೋಣ ಎಂದುಕೊಂಡಳು. ನಾಲ್ಕು ವರ್ಷದಲ್ಲಿ ಅವಳು ಬೇರೇನನ್ನೂ ತನಗೆಂದು ಇಟ್ಟುಕೊಂಡಿರಲಿಲ್ಲ.

ನೀರು ಬಸಿದ ಎರಡು ಕುಂಡಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಾಗದ ತುರುಕಿ ಕೂರಿಸಿಕೊಂಡು ಇಬ್ಬರೂ ಬಸ್‌ಸ್ಟಾಪಿಗೆ ನಡೆದರು. ತಂಗಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದಳು. ಒಂದು ಗಂಟೆಯ ದಾರಿ. ಅದನ್ನು ಹಾಗೇ ಹಿಡಿದುಕೊಂಡಿರುತ್ತಾಳೆಂದು ಅಕ್ಕನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಬೆಕ್ಕಿನ ಮರಿಯನ್ನೂ ಹೀಗೇ ಹಿಡಿಯುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಮಗುವಿನ ಜೊತೆ ಇವಳೂ ಇಪ್ಪತ್ತಾರು ರಾತ್ರಿ ಮಲಗಿರಲಿಲ್ಲ.

ದೂರದಲ್ಲಿ ಬಸ್ಸು ಕಂಡಿತು.

"ಆ ಕಡೆ ತಿರುಗು," ಎಂದಳು ಅಕ್ಕ.

"ಯಾಕೆ?"

"ತಿರುಗೇ."

ತಂಗಿ ಪೆಟ್ಟಿಗೆ ಸಮೇತ ತಿರುಗಿದಳು. ಅಕ್ಕ ಅವಳ ಬೆನ್ನಿನ ಮೇಲೆ ತೋರುಬೆರಳಿಟ್ಟು ನಿಧಾನವಾಗಿ ಮಗುವಿನ ನಿಜವಾದ ಹೆಸರು, ಮೂರಕ್ಷರದ್ದು, ಬರೆದಳು. ಮೊದಲ ಅಕ್ಷರ ಅಗಲವಾಗಿ, ಭುಜದಿಂದ ಭುಜಕ್ಕೆ. ಎರಡನೆಯದು ಬೆನ್ನೆಲುಬಿನ ಮೇಲೆ. ಮೂರನೆಯದು ಸೊಂಟದ ಹತ್ತಿರ. ಜನ ನೋಡುತ್ತಿದ್ದರು.

"ಹೀಗೆ. ಮಾತಾಡ್ಬೇಡ. ಒತ್ತಬೇಡ. ಮೂರನೇ ಅಕ್ಷರ ಮುಗಿಯೋ ಹೊತ್ತಿಗೆ ನಿದ್ದೆ ಮಾಡಿರ್ತಾಳೆ."

ತಂಗಿ ತಿರುಗಲಿಲ್ಲ. ಅವಳ ಬೆನ್ನು ಒಮ್ಮೆ ಅದುರಿತು. ಬಸ್ಸು ಬಂದು ನಿಂತಿತು, ಹತ್ತಿದಳು, ಕಿಟಕಿಯಲ್ಲಿ ರಟ್ಟಿನ ಪೆಟ್ಟಿಗೆಯ ಅಂಚು ಮಾತ್ರ ಕಂಡಿತು.

ಸೋಮವಾರ ಅಕ್ಕ ಕೆಲಸಕ್ಕೆ ಬೇಗ ಹೋದಳು. ಮೇಜಿನ ಮೇಲೆ ಯಾರದೋ ಕೆಳದವಡೆ ಕಾಯುತ್ತಿತ್ತು. ಮುಂಭಾಗದ ನಾಲ್ಕು ಹಲ್ಲು ಕೂರಿಸುವಷ್ಟರಲ್ಲಿ ಮೊಬೈಲು ಸದ್ದು ಮಾಡಿತು. ತಂಗಿಯ ಸಂದೇಶ, ಒಂದೇ ಸಾಲು: "ಎರಡನೇ ಅಕ್ಷರಕ್ಕೇ ಮಲಗಿಬಿಟ್ಟಳು ಅಕ್ಕಾ."

ಅವಳು ಅದನ್ನು ಮತ್ತೆ ಮತ್ತೆ ಓದಿದಳು.

"ಏನು ಸಮಾಚಾರ?" ಎಂದ ಪಾಲಿಶ್ ಮಾಡುವಾತ, ಯಂತ್ರ ನಿಲ್ಲಿಸಿ.

"ಒಳ್ಳೇದೇ."

ಚಮಚವನ್ನು ಜ್ವಾಲೆಗೆ ಹಿಡಿದಳು. ಗುಲಾಬಿ ಮೇಣ ಕರಗಿ ಅಂಚಿನಲ್ಲಿ ಗುಂಡಗೆ ನಿಂತು, ಬೀಳದೆ, ಬಹಳ ಹೊತ್ತು ಹೊಳೆಯಿತು.