ದಿಮಿತ್ರಿ ಹಬ್ಬದವರೆಗೆ ಮಾತ್ರ

ಸರ್ಬಿಯದ ಗುಡ್ಡಗಾಡಿನ ನಮ್ಮ ಹಳ್ಳಿಯವರು ಪರವೂರಿನಲ್ಲಿ ಒಂದು ರಾತ್ರಿ ತಂಗಬೇಕಾದರೆ ಮೊದಲು ಗುಡಿಗೆ ಬಂದು ಮೇಣದ ಬತ್ತಿ ಹಚ್ಚುತ್ತಾರೆ, ಆಮೇಲೆ ವಿತೊಮಿರನ ಮನೆಗೆ ಹೋಗುತ್ತಾರೆ. ಊರ ಪಾದ್ರಿಯಾದ ನನಗೆ ಈ ಕ್ರಮ ಸರಿಯೆಂದೇ ತೋರುತ್ತದೆ. ಕೆಲವರು ನೇರವಾಗಿ ವಿತೊಮಿರನ ಮನೆಗೇ ಹೋಗುತ್ತಾರೆ ಎಂಬುದೂ ನನಗೆ ಗೊತ್ತು. ಅವರನ್ನೂ ದೇವರು ಕಾಯುತ್ತಾನೆ.

ವಿತೊಮಿರ್ ಮರ ಕೊಯ್ಯುವ ಕಾರ್ಖಾನೆಯಿಂದ ನಿವೃತ್ತನಾದವನು. ಅಲ್ಲಿಂದೀಚೆಗೆ ಹೋಟೆಲುಗಳ ರಿಯಾಯಿತಿ ಕೋಡುಗಳೇ ಅವನ ಬೇಸಾಯ. ಯಾವ ಹೋಟೆಲು ಯಾವ ತಿಂಗಳು ಖಾಲಿ ಹೊಡೆಯುತ್ತದೆ, ಯಾವ ಕೋಡನ್ನು ಕಂಪ್ಯೂಟರಿಗೆ ಉಣಿಸಬೇಕು, ಯಾವುದನ್ನು ಫೋನಿನಲ್ಲಿ ಮೆಲ್ಲಗೆ ಹೇಳಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಜಿಪುಣನೆಂದು ಅವನನ್ನು ಯಾರೂ ಅನ್ನಲಾರರು. ನೆರೆಯವರ ಛಾವಣಿ ಹಾರಿಹೋದಾಗ ಹಲಗೆ ಕೊಟ್ಟವನು ಅವನೇ. ಆದರೆ ಹೋಟೆಲಿನ ಕೋಣೆಗೆ ಹೇಳಿದಷ್ಟು ಬೆಲೆ ಕೊಡುವುದೆಂದರೆ ಅವನಿಗೆ ಅಂಗಿಯ ಗುಂಡಿ ಹಾಕದೆ ಬೀದಿಗೆ ಬಂದಷ್ಟೇ ನಾಚಿಕೆ.

ಒಮ್ಮೆ ಬಿಸಿನೀರಿನ ಬುಗ್ಗೆಯ ಊರಿಗೆ ಹೆಂಡತಿ ದೆಸಂಕಳನ್ನು ಕರೆದುಕೊಂಡು ಹೋಗಿದ್ದ. ಕೈಗೆ ಸಿಕ್ಕಿದ್ದು ನವದಂಪತಿಗಳ ಕೋಡು. ಇಬ್ಬರಿಗೂ ಎಪ್ಪತ್ತರ ಹತ್ತಿರ. ಹೋಟೆಲಿನವರು ಮದುವೆಯ ತಾರೀಖು ಕೇಳಲಿಲ್ಲ, ಹಾಸಿಗೆಯ ಮೇಲೆ ಗುಲಾಬಿ ದಳ ಚೆಲ್ಲಿಟ್ಟಿದ್ದರು. ಮನೆಗೆ ಹೋಗಿ ಸಕ್ಕರೆಪಾಕದಲ್ಲಿ ಹಾಕೋಣವೆಂದು ದೆಸಂಕ ಅಷ್ಟನ್ನೂ ಚೀಲಕ್ಕೆ ತುಂಬಿಕೊಂಡಳು. ಪಾಕ ಕುದಿಯುವಾಗ ಅವು ಬಟ್ಟೆಯವು ಎಂದು ತಿಳಿಯಿತು.

ಈ ವಸಂತದಲ್ಲಿ ವಿತೊಮಿರನ ಎದೆ ಕೈಕೊಟ್ಟಿತು. ಬೆಲ್‌ಗ್ರೇಡಿಗೆ ಒಯ್ದು ಹೃದಯ ಬಿಚ್ಚಿ ಹೊಲಿದರು. ಆತ ಒಳಗಿದ್ದಾಗ ದೆಸಂಕ ಹೊರಗಿನ ಬೆಂಚಿನಲ್ಲಿ ಕೂತು ಸಂತ ದಿಮಿತ್ರಿಗೆ ಹರಕೆ ಹೊತ್ತಳು. ಅವಳ ತವರುಮನೆಯನ್ನು ಕಾಯುವ ಸಂತ ಅವನು. ಗಂಡ ಬದುಕಿ ಬಂದರೆ ಅವನನ್ನೇ ಕರೆದುಕೊಂಡು ಸೊಲೂನಿಗೆ ಬರುತ್ತೇನೆ, ನಿನ್ನ ಹಬ್ಬದ ದಿನ ನಿನ್ನ ಪೆಟ್ಟಿಗೆಯ ಮುಂದೆ ಇಬ್ಬರೂ ತಲೆಬಾಗುತ್ತೇವೆ ಎಂದು. ಗ್ರೀಸಿನ ಆ ಪಟ್ಟಣವನ್ನು ಅಲ್ಲಿಯವರು ಥೆಸಲೋನಿಕಿ ಅನ್ನುತ್ತಾರೆ. ಸಂತನ ಅಸ್ಥಿಗಳ ಪೆಟ್ಟಿಗೆ ಇರುವುದು ಅಲ್ಲಿಯ ಗುಡಿಯಲ್ಲೇ.

ವಿತೊಮಿರ್ ಬದುಕಿದ. ದೆಸಂಕ ಒಂದು ಭಾನುವಾರ ಗುಡಿಯ ಹೊರಗೆ ನನ್ನ ಪಕ್ಕ ಬಂದು ಕೂತು ಹರಕೆಯ ವಿಷಯ ಹೇಳಿದಳು.

"ಗಂಡನಿಗೆ ಹೇಳಿದೆಯೇನಮ್ಮಾ?" ಎಂದು ಕೇಳಿದೆ.

"ಹೇಳೋದಾ ಗುರುಗಳೇ? ಹೊಲಿದಿದ್ದು ಡಾಕ್ಟರು, ಸಂತನಿಗ್ಯಾಕೆ ಸಂಬಳ ಅಂತಾನೆ. ಅವನ್ನ ಗುಡ್ಡ ಇಳಿಸ್ಬೇಕು ಅಂದ್ರೆ ಒಂದೇ ದಾರಿ."

"ಯಾವುದು?"

"ಕೋಡು."

ಬೆಸ್ತರನ್ನು ಬಲೆಯ ಬಳಿಯೇ ಕರೆದು ಶಿಷ್ಯರನ್ನಾಗಿಸಿಕೊಂಡ ದೇವರು ಮರದ ಕಾರ್ಖಾನೆಯವನನ್ನು ಎಲ್ಲಿ ಬೇಕಾದರೂ ಕರೆಯಬಹುದು.

ಬೇಸಿಗೆಯಲ್ಲಿ ಸೊಲೂನಿಗೆ ಓಡಾಡುವ ಬಸ್ಸಿನ ಚಾಲಕನೊಬ್ಬ ಸಂತನ ಗುಡಿಯ ಹತ್ತಿರದ ಹೋಟೆಲಿನ ಚೀಟಿ ತಂದುಕೊಟ್ಟ. ದೆಸಂಕ ಅದನ್ನು ಗಂಡನ ಕಾಫಿ ಬಟ್ಟಲಿನ ಕೆಳಗಿಟ್ಟಳು.

"ಏನೇ ಇದು?"

"ಯಾವುದೋ ಚೀಟಿ. ಒಲೆಗೆ ಹಾಕೋಣ ಅಂತಿದ್ದೆ."

"ಒಲೆಗಾ? ಮೂವತ್ತು ಪರ್ಸೆಂಟನ್ನ ಒಲೆಗೆ ಹಾಕ್ತಾಳಂತೆ!"

"ನಮಗ್ಯಾಕೆ ಸೊಲೂನು, ಅಷ್ಟು ದೂರ."

"ದೂರ ಇದ್ರೆ ನಿಂಗೇನು ಕಷ್ಟ, ಬಸ್ಸನ್ನ ನೀನು ತಳ್ತೀಯಾ?"

ಚೀಟಿಯಲ್ಲಿ ಕೋಡು ಇತ್ತು. ಅದರ ಕೆಳಗೆ, ಸಂತ ದಿಮಿತ್ರಿಯ ಹಬ್ಬದವರೆಗೆ ಮಾತ್ರ ಎಂದು ನಮ್ಮ ಭಾಷೆಯಲ್ಲೇ ಬರೆದಿತ್ತು. ತಾರೀಖು ಹಾಕಿರಲಿಲ್ಲ. ಆ ಹಬ್ಬ ಯಾವತ್ತು ಎಂದು ಕೇಳುವವರು ಆ ಪಟ್ಟಣದಲ್ಲಿ ಇಲ್ಲ. ನಮ್ಮ ಹಳ್ಳಿಯಲ್ಲೂ ಇಲ್ಲ.

ವಿತೊಮಿರ್ ಫೋನು ಮಾಡಿ ಹಬ್ಬದ ಹಿಂದಿನ ರಾತ್ರಿಗೆ, ನವೆಂಬರ್ ಏಳಕ್ಕೆ, ಕೋಣೆ ಹಿಡಿದ. ದುಡ್ಡನ್ನು ಅಲ್ಲೇ ಬಂದು ಕೊಡುತ್ತೇನೆಂದ, ಕೋಡು ಇದೆಯೆಂದ. ಆ ಕಡೆಯ ಹುಡುಗಿ, ಬಂದಾಗ ಕೌಂಟರಿನಲ್ಲಿ ತೋರಿಸಿ ಎಂದಳು. ಫೋನಿನಲ್ಲಿ ಹಿಡಿದ ಕೋಣೆಗೆ ಬೆಳಗಿನ ತಿಂಡಿಯನ್ನೂ ಅದೇ ಬೆಲೆಯಲ್ಲಿ ಸೇರಿಸಿಕೊಳ್ಳಬಹುದು ಎಂಬುದು ಅವನ ಅನುಭವ. ಸೇರಿಸಿಕೊಂಡ.

ಆ ದಿನ ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಸೊಲೂನಿನಲ್ಲಿ ಇಳಿದರು. ಹೋಟೆಲಿನ ಕೌಂಟರಿನಲ್ಲಿದ್ದವನು ಲಾಜಾರೋಸ್ ಎಂಬ ನಡುವಯಸ್ಸಿನ ಗ್ರೀಕ. ಬೆಲ್‌ಗ್ರೇಡಿನಲ್ಲಿ ಓದಿದವನಾದ್ದರಿಂದ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕಂಪ್ಯೂಟರಿನಲ್ಲಿ ಒತ್ತಿ, ಇಲ್ಲವೆಂದು ತಲೆಯಾಡಿಸಿದ.

"ಇದು ಮುಗಿದೋಗಿದೆ ಯಜಮಾನ್ರೇ. ಹಬ್ಬದವರೆಗೆ ಮಾತ್ರ ಅಂತ ಇದೆ."

"ಅದಕ್ಕೇ ಇವತ್ತು ಬಂದಿದ್ದು. ಹಬ್ಬ ನಾಳೆ."

"ಹಬ್ಬ ಅಕ್ಟೋಬರಲ್ಲೇ ಆಗೋಯ್ತಲ್ಲ. ಬ್ಯಾಂಡು ಬಂತು, ಮೆರವಣಿಗೆ ಆಯ್ತು, ಮಂತ್ರಿಗಳು ಭಾಷಣ ಮಾಡಿ ಊಟ ಮಾಡ್ಕೊಂಡು ಹೋದ್ರು."

ನಾವು ಸರ್ಬಿಯದವರು ಹಬ್ಬಗಳಿಗೆ ಹಳೆಯ ಪಂಚಾಂಗ ಹಿಡಿದವರು. ಗ್ರೀಕರು ಹೊಸದಕ್ಕೆ ಹೋಗಿ ಬಹಳ ಕಾಲವಾಯಿತು. ನಂಬಿಕೆ ಒಂದೇ, ಸಂತನೂ ಅವನೇ. ಅವರಲ್ಲಿಗೆ ಅವನು ಎರಡು ವಾರದಷ್ಟು ಮುಂಚೆ ಬಂದು ಹೋಗುತ್ತಾನೆ.

ವಿತೊಮಿರನಿಗೆ ಇದು ಈಗ ನೆನಪಾಯಿತು. ಆದರೆ ಅವನು ಬಿಡುವವನಲ್ಲ.

"ತಮ್ಮಾ, ನಿಮ್ಮ ಪವಿತ್ರ ಪರ್ವತದಲ್ಲಿ ಸನ್ಯಾಸಿಗಳು ಇದ್ದಾರಲ್ಲ, ಆಥೋಸಿನಲ್ಲಿ. ಅವರಿಗೆ ದಿಮಿತ್ರಿ ಹಬ್ಬ ಯಾವತ್ತು?"

ಲಾಜಾರೋಸ್ ಪರ್ವತದ ಹೆಸರು ಕೇಳಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. "ಅವರದ್ದೂ ಹಳೇ ಪಂಚಾಂಗ. ನಾಳೆ."

"ಅವರು ಹೇಳೋದು ತಪ್ಪಾ?"

"ಅಯ್ಯೋ, ತಪ್ಪು ಅನ್ನೋಕೆ ನಾನ್ಯಾರು?"

"ಹಾಗಾದ್ರೆ ಹಬ್ಬ ನಾಳೆ. ಮೂವತ್ತು ಪರ್ಸೆಂಟ್ ತೆಗಿ."

"ಯಜಮಾನ್ರೇ, ಕಂಪ್ಯೂಟರು ಪರ್ವತದಲ್ಲಿಲ್ಲ. ಇಲ್ಲಿದೆ."

ಹಿಂದೆ ನಿಂತಿದ್ದ ಜರ್ಮನ್ ದಂಪತಿ ಸೂಟ್‌ಕೇಸಿನ ಮೇಲೆ ಕೂತುಕೊಂಡರು. ವಿತೊಮಿರ್ ಚೀಟಿಯನ್ನು ಮಡಿಚಿ ಜೇಬಿಗಿಟ್ಟ. ಕೈಚೀಲ ಎತ್ತಿಕೊಂಡ.

"ನಡಿಯೇ. ಸಂಜೆ ಬಸ್ಸಿದೆ."

ದೆಸಂಕ ಕದಲಲಿಲ್ಲ.

"ಕೇಳಿಸ್ಲಿಲ್ವಾ? ಪೂರ್ತಿ ಬೆಲೆ ಹೇಳ್ತಿದಾನೆ."

"ನಾನು ಬರಲ್ಲ ವಿತೊ."

"ಇಲ್ಲೇನು, ಈ ಲಾಜಾರೋಸನ ಜೊತೆ ಇರ್ತೀಯಾ?"

"ಹರಕೆ ಇದೆ."

"ಯಾರ ಹರಕೆ?"

"ನಿಂದೇ. ನೀನು ಒಳಗಿದ್ದಾಗ ಹೊತ್ಕೊಂಡೆ. ನೀನು ಉಳಿದ್ರೆ ದಿಮಿತ್ರಿ ಹಬ್ಬದ ದಿನ ನಿನ್ನ ತಂದು ಅವನ ಮುಂದೆ ನಿಲ್ಲಿಸ್ತೀನಿ ಅಂತ. ಚೀಟಿ ಇಟ್ಟಿದ್ದೂ ನಾನೇ."

ವಿತೊಮಿರ್ ಕೈಚೀಲ ಕೆಳಗಿಟ್ಟ. ಅವನ ತಲೆಯಲ್ಲಿ ಏನೋ ಲೆಕ್ಕ ನಡೆಯುತ್ತಿದೆಯೆಂದು ಲಾಜಾರೋಸನಿಗೂ ಕಂಡಿತು.

"ಅಷ್ಟಕ್ಕೆ ಅವನು ಒಪ್ಪಿದನಾ?"

"ನೀನು ನಿಂತಿದ್ದೀಯಲ್ಲ."

"ಚೌಕಾಸಿ ಮಾಡ್ಲಿಲ್ವಾ? ನಾನೊಬ್ಳೇ ಬರ್ತೀನಿ, ಅಥವಾ ಊರಲ್ಲೇ ಒಂದು ಬತ್ತಿ ಹಚ್ತೀನಿ, ಹಾಗೇನಾದ್ರೂ?"

"ಇಲ್ಲ."

"ಒಂಚೂರೂ?"

"ನೀನು ಎದೆ ಬಿಚ್ಚಿಸ್ಕೊಂಡು ಮಲಗಿದ್ದೆ ಕಣೋ! ಆಗ ಹೋಗಿ ಏನು ಚೌಕಾಸಿ ಮಾಡ್ಲಿ? ಅವನು ಏನು ಕೇಳಿದ್ರೂ ಕೊಡ್ತಿದ್ದೆ."

ಅವಳ ದನಿ ಸ್ವಲ್ಪ ಏರಿತ್ತು. ಲಾಜಾರೋಸ್ ಕೆಮ್ಮಿದ.

"ಯಜಮಾನ್ರೇ, ಹಿಂದುಗಡೆ ಒಂದು ಸಣ್ಣ ರೂಮಿದೆ. ಕಿಟಕಿ ಇಲ್ಲ, ಬಾಯ್ಲರು ಸದ್ದು ಮಾಡುತ್ತೆ. ಅದನ್ನ ಅರ್ಧಕ್ಕೆ ಕೊಡ್ತೀನಿ, ಕೋಡೂ ಬೇಡ."

ಅರ್ಧ. ವಿತೊಮಿರ್ ತನ್ನ ಜೀವಮಾನದಲ್ಲಿ ಯಾವ ಕೋಡಿನಿಂದಲೂ ಬೆಲೆಯನ್ನು ಅರ್ಧಕ್ಕೆ ಇಳಿಸಿದವನಲ್ಲ. ಅವನ ಮೀಸೆ ಅಲುಗಿತು ಎಂದು ದೆಸಂಕ ಹೇಳುತ್ತಾಳೆ.

"ಬೇಡ," ಎಂದ. "ಕಿಟಕಿ ಇರೋದೇ ಕೊಡು. ಪೂರ್ತಿ ಬೆಲೆ ಬರ್ಕೋ."

ನಮ್ಮೂರಿನವರು ಈ ಮಾತನ್ನು ಇವತ್ತಿಗೂ ನಂಬುವುದಿಲ್ಲ. ಅವನೂ ಹೋಟೆಲಿನ ರಸೀದಿಯನ್ನು ಯಾರಿಗೂ ತೋರಿಸಿಲ್ಲ. ನಂಬದಿರುವುದೇ ಅವನಿಗೆ ಅನುಕೂಲ.

ಮರುದಿನ ಬೆಳಗ್ಗೆ ಗುಡಿಗೆ ಹೋದರೆ ಅಲ್ಲಿ ಗ್ರೀಕರಿಗೆ ದೇವದೂತರ ಹಿರಿಯರಾದ ಮಹಾದೂತರ ಹಬ್ಬ. ಅಲ್ಲಿಯ ಪಾದ್ರಿ ಹಾಡಿ ಹೊಗಳುತ್ತಿದ್ದುದು ಮಿಖಾಯೇಲ ಗಬ್ರಿಯೇಲರನ್ನು. ದಿಮಿತ್ರಿಯ ಬೆಳ್ಳಿಪೆಟ್ಟಿಗೆಯ ಬಳಿ ನಮ್ಮ ಕಡೆಯ ನಾಲ್ಕಾರು ಮಂದಿ ಮುದುಕಿಯರು ಮಾತ್ರ. ದೆಸಂಕ ಮಂಡಿಯೂರಿ, ತವರಿನಲ್ಲಿ ಕಲಿತ ಸಂತನ ಸ್ತುತಿಯನ್ನು ತಗ್ಗಿದ ದನಿಯಲ್ಲಿ ತಾನೇ ಹಾಡಿದಳು. ವಿತೊಮಿರ್ ಪಕ್ಕದಲ್ಲಿ ಮಂಡಿಯೂರಿದ. ಪೆಟ್ಟಿಗೆಗೆ ಹಣೆ ತಾಗಿಸಿದ. ಏಳುವಾಗ ಅವಳ ತೋಳು ಹಿಡಿದ.

ಬಾಗಿಲ ಬಳಿ ಬತ್ತಿಗಳಿದ್ದವು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ.

"ಬೆಲೆ ಎಲ್ಲಿ ಬರೆದಿದಾರೆ?" ವಿತೊಮಿರ್ ಪಿಸುಗುಟ್ಟಿದ.

"ಬರೆಯಲ್ಲ. ಮನಸ್ಸಿಗೆ ಬಂದಷ್ಟು ಹಾಕೋದು."

ಬೆಲೆಯಿಲ್ಲದ ವಸ್ತುವಿನ ಮುಂದೆ ಅವನು ಜೇಬಿನಲ್ಲಿ ಕೈಯಿಟ್ಟು ನಿಂತೇ ಇದ್ದ. ಯಾವುದರಿಂದ ಕಳೆಯುವುದು? ಕೊನೆಗೆ ಏನನ್ನೋ ಮಡಿಚಿ ಡಬ್ಬಿಗೆ ತುರುಕಿದ. ದೆಸಂಕ ಬೇಕೆಂದೇ ಬೇರೆ ಕಡೆ ನೋಡಿದಳು. ಇಬ್ಬರೂ ಒಂದೊಂದು ಬತ್ತಿ ಹಚ್ಚಿ ಅಲ್ಲಿದ್ದ ತಟ್ಟೆಯ ಮರಳಿಗೆ ಸಿಕ್ಕಿಸಿದರು.

"ನಡಿ," ಎಂದ ಅವನು. "ತಿಂಡಿ ಹತ್ತಕ್ಕೆ ಮುಗಿಯುತ್ತಂತೆ."

"ಪೂಜೆ ಮುಗಿದಿಲ್ಲ."

"ಅದು ಮಹಾದೂತರದ್ದು ಕಣೇ. ನಾವು ಹರಕೆ ಹೊತ್ತಿದ್ದು ಇವನಿಗೆ."

"ಇವನ ಮನೆಗೆ ಬಂದು, ಇವನ ನೆಂಟರು ಬಂದ್ರು ಅಂತ ಎದ್ದು ಹೋಗೋಕಾಗುತ್ತಾ?"

ವಿತೊಮಿರ್ ಗಡಿಯಾರ ನೋಡಿಕೊಂಡ. ಟೋಪಿಯನ್ನು ಮತ್ತೆ ಕಂಕುಳಲ್ಲಿ ಇರುಕಿಕೊಂಡು ಕಂಬಕ್ಕೊರಗಿ ನಿಂತ. ಗ್ರೀಕರು ಮಂತ್ರಗಳಲ್ಲಿ ಯಾವುದನ್ನೂ ಕಡಿಮೆ ಮಾಡುವವರಲ್ಲ. ತಿಂಡಿ ತಪ್ಪಿತು.