ಮೋಲಿಯ ಅರ್ಧ

ವಿಭೂತಿ ಹಚ್ಚಿದ ಮೂರು ಬೆರಳು ಮುಂದೆ ಮಾಡಿಕೊಂಡು ಶಿವಲಿಂಗಪ್ಪ ಹೆಂಡತಿಯ ಶವಪೆಟ್ಟಿಗೆಯ ಮೇಲೆ ಬಾಗಿದ್ದ. ಇನ್ನೇನು ಅವಳ ಹಣೆ ಮುಟ್ಟಬೇಕು, ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಅವನ ಮುಂಗೈ ಹಿಡಿಯಿತು.

“ಅದು ಬೇಡ,” ಎಂದ ಲಯನೆಲ್. “ಇದು ಇಗರ್ಜಿ.”

ಹೆಂಡತಿಯ ಅಣ್ಣ ಶಿವಲಿಂಗಪ್ಪನ ಜೊತೆ ಆಡಿದ ಮೊಟ್ಟಮೊದಲ ಮಾತು ಇದು. ತಂಗಿ ಹೋಗಿ ಹೋಗಿ ಧಾರವಾಡದ ಲಿಂಗಾಯತನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳೆಂದು ಮಂಗಳೂರಿನಲ್ಲಿ ಮುನಿಸಿಕೊಂಡವನು ಲಯನೆಲ್. ಆಮೇಲೆ ಅವನೂ ದೇಶ ಬಿಟ್ಟು ಸಿಡ್ನಿಗೆ ಬಂದು ಮನೆ ಮಾಡಿದ. ಸಮುದ್ರ ದಾಟುವಾಗ ಏನೇನೋ ಬಿಟ್ಟು ಬಂದಿರಬಹುದು, ಮುನಿಸು ಮಾತ್ರ ಬಿಟ್ಟಿರಲಿಲ್ಲ. ಸಿಡ್ನಿಯಿಂದ ಮೆಲ್ಬರ್ನ್‌ಗೆ ವಿಮಾನದಲ್ಲಿ ಒಂದು ಒಳ್ಳೆಯ ನಿದ್ದೆ ಮಾಡುವಷ್ಟೂ ದೂರವಿಲ್ಲ. ಆದರೂ ತಂಗಿಯ ಮುಖ ನೋಡಲು ಅವನು ಬಂದದ್ದು ಇವತ್ತೇ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು.

ಶಿವಲಿಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. ಕ್ರಾನ್‌ಬರ್ನ್‌ನ ಈ ಇಗರ್ಜಿಗೆ ಮೋಲಿಯನ್ನು ತಂದವನೇ ತಾನು. ಬುದ್ಧಿ ನೆಟ್ಟಗಿದ್ದಾಗ ಅವಳು ಕೇಳಿಕೊಂಡಿದ್ದಳು, ಕೊಟ್ಟ ಮಾತು ತಪ್ಪಬಾರದೆಂದು ಫಾದರ್ ಹತ್ತಿರ ಹೋಗಿ ಎಲ್ಲ ಗೊತ್ತು ಮಾಡಿದ್ದ. ಈ ಹಣೆ ಯಾರ ಹೆಂಡತಿಯದು ಎಂದು ಕೇಳಿಯೇ ಬಿಡೋಣವೆನ್ನಿಸಿತು. ಅಷ್ಟರಲ್ಲಿ ಮಗಳು ಮಹಾಶ್ವೇತಾ ನಡುವೆ ಬಂದು, “ಅಪ್ಪಾ, ಪ್ಲೀಸ್. ನಾಟ್ ಟುಡೇ,” ಎಂದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು. ಶಿವಲಿಂಗಪ್ಪ ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತ.

ಪೂಜೆ ಶುರುವಾಯಿತು. ಪೆಟ್ಟಿಗೆ ಮುಚ್ಚಿ ಅದರ ಮೇಲೆ ಬಿಳಿಯ ಬಟ್ಟೆ ಹೊದಿಸಿದರು, ನೀರು ಚಿಮುಕಿಸಿದರು. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗಿನ ಬಟ್ಟೆ, ನೀರು ಇವೇ ಎಂದು ಫಾದರ್ ವಿವರಿಸಿದರು. ವಿಯೆಟ್ನಾಂ ಕಡೆಯ ಚಿಕ್ಕ ವಯಸ್ಸಿನ ಫಾದರ್, ಮೆತ್ತಗಿನ ದನಿ. ದೇವರಿಂದ ಹೊರಟ ಜೀವ ದೇವರಿಗೇ ಮರಳುತ್ತದೆ, ಮೋಲಿ ತಾನು ಬಂದಲ್ಲಿಗೇ ಹೋಗಿದ್ದಾಳೆ, ದುಃಖಪಡಬೇಡಿ ಎಂದರು. ಹಿಂದಿನ ಬೆಂಚುಗಳಲ್ಲಿ ಒಬ್ಬಿಬ್ಬರು ಮೂಗು ಒರೆಸಿಕೊಂಡರು.

ಶಿವಲಿಂಗಪ್ಪ ಪಕ್ಕದಲ್ಲಿದ್ದ ದ್ಯಾಮಣ್ಣನ ಕಿವಿಗೆ ಬಾಗಿದ. ದ್ಯಾಮಣ್ಣ ಹುಬ್ಬಳ್ಳಿಯವನು, ಹಳೆಯ ಗೆಳೆಯ, ಕ್ರೇಗಿಬರ್ನ್‌ನಿಂದ ಊರೆಲ್ಲ ದಾಟಿ ಬಂದಿದ್ದ.

“ಬಂದಲ್ಲಿಗೆ ಹೋಗ್ಯಾಳಂತ,” ಎಂದ ಶಿವಲಿಂಗಪ್ಪ. “ಹಂಗಾರ ನಡುವ ನಾ ಏನೋ ದ್ಯಾಮಾ, ಬಸ್ ಸ್ಟ್ಯಾಂಡ?”

“ಸುಮ್ಕಿರೋ. ಫಾದರ್ ಈ ಕಡೀನ ನೋಡಾಕತ್ತಾರ.”

ಶಿವಲಿಂಗಪ್ಪ ತಮಾಷೆಗೆ ಕೇಳಿದ ಪ್ರಶ್ನೆಯಾಗಿರಲಿಲ್ಲ ಅದು. ಎರಡು ವರ್ಷದಿಂದ ಅವನ ಎದೆಯಲ್ಲಿ ಮುಳ್ಳಾಡಿಸುತ್ತಿದ್ದದ್ದು ಅದೊಂದೇ.

* * *

ಫಾದರ್ ಹೇಳಿದ ಪಾಠ ಅವನಿಗೆ ಹೊಸದಲ್ಲ. ಧಾರವಾಡದ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರಾಗಿದ್ದಾಗ ಅವನು ವರ್ಷವರ್ಷವೂ ಇದನ್ನೇ ಹೇಳಿಕೊಟ್ಟವನು. ಗ್ರೀಕರ ಕಡೆಗಾಲದ ಪಂಡಿತರು ಕಟ್ಟಿದ್ದು, ಮುಂದೆ ಕ್ರೈಸ್ತ ಸಂನ್ಯಾಸಿಗಳು ತಮ್ಮದು ಮಾಡಿಕೊಂಡದ್ದು. ಎಲ್ಲವೂ ಒಂದರೊಳಗೇ ಇದೆ, ಒಂದರಿಂದ ಹೊರಡುತ್ತದೆ, ಇಳಿದ ಮೆಟ್ಟಿಲುಗಳನ್ನೇ ಹತ್ತಿ ಮತ್ತೆ ಒಂದಕ್ಕೇ ಮರಳುತ್ತದೆ. ಪಾಠವನ್ನು ಅವನು ಮನೆಯಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುವುದು, ಮೋಲಿ ಬೆಳ್ಳುಳ್ಳಿ ಸುಲಿಯುತ್ತ ಕೇಳುವುದು. ಒಮ್ಮೆ ಅವಳು ತಲೆ ಎತ್ತದೆಯೇ ಕೇಳಿದ್ದಳು:

“ವಾಪಸ್ ಹೋಗುವುದೇ ಆದರೆ ಬರುವುದು ಯಾಕೆ?”

ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವನು ಗದರಿ ಬಾಯಿ ಮುಚ್ಚಿಸಿದ್ದ. ನಿಜ ಹೇಳಬೇಕೆಂದರೆ ಅವನಿಗೂ ತಿಳಿದಿರಲಿಲ್ಲ.

ಮೋಲಿ ನರ್ಸು. ಅವಳ ಕೆಲಸದ ಮೇಲೆ ಆಸ್ಟ್ರೇಲಿಯಾದಲ್ಲಿ ಖಾಯಂ ನೆಲೆಸುವ ಪಿಆರ್ ಸಿಕ್ಕಿತು, ಮಗಳನ್ನು ಎತ್ತಿಕೊಂಡು ಮೆಲ್ಬರ್ನ್‌ಗೆ ಬಂದರು. ಇಲ್ಲಿ ಯಾರಿಗೂ ತತ್ವಶಾಸ್ತ್ರದ ಮೇಷ್ಟ್ರು ಬೇಕಿರಲಿಲ್ಲ, ಶಿವಲಿಂಗಪ್ಪ ಅಂಚೆ ವಿಂಗಡಿಸುವ ಕೆಲಸಕ್ಕೆ ಸೇರಿದ. ಮೋಲಿ ಮನೆಯ ಮಾರ್ಟ್‌ಗೇಜ್ ಸಾಲ ತೀರಿಸಿದಳು, ಮೀನು ತಿನ್ನುವುದನ್ನು ಬಿಟ್ಟಳು, ಜೋಳದ ರೊಟ್ಟಿ ತಟ್ಟುವುದನ್ನು ಕಲಿತಳು. ಇಗರ್ಜಿಯ ಮದುವೆಯಲ್ಲವಾದ್ದರಿಂದ ಪ್ರಸಾದಕ್ಕೆ ನಾಲಿಗೆ ಚಾಚುವಂತಿಲ್ಲವೆಂದು ಇಗರ್ಜಿಗೆ ಹೋಗುವುದನ್ನೂ ಬಿಟ್ಟಳು. ಹೋಗು ಎಂದು ಅವನೂ ಹೇಳಲಿಲ್ಲ. ಹೆಂಡತಿ ಪೂರ್ತಿ ತನ್ನವಳಾದಳು ಎಂದು ಒಳಗೊಳಗೇ ಹಿಗ್ಗಿದ್ದ.

ಅವಳ ಕನ್ನಡವೂ ಹಾಗೇ ಬದಲಾಯಿತು. ಮಂಗಳೂರಿನ ಶಾಲೆಯ ಕನ್ನಡದಲ್ಲಿ ಬಂದವಳು ಬರುಬರುತ್ತ “ಹಂಗ ಮಾಡಬ್ಯಾಡ್ರಿ ಮಾರಾಯ್ರೇ” ಎನ್ನತೊಡಗಿದಳು. ಇದು ಯಾವ ಊರ ಭಾಷೆಯಮ್ಮಾ ಎಂದು ಮಹಾಶ್ವೇತಾ ಬಿದ್ದು ಬಿದ್ದು ನಗುತ್ತಿದ್ದಳು.

ಮರೆವಿನ ಕಾಯಿಲೆ ಹಿಡಿದಾಗ ಮೊದಲು ಹೋದದ್ದು ಇಂಗ್ಲಿಷು. ಜೀವಮಾನವೆಲ್ಲ ರೋಗಿಗಳೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿದವಳು ಬಾಗಿಲಿಗೆ ಬಂದ ಪಕ್ಕದ ಮನೆಯವಳಿಗೆ ಏನು ಹೇಳಬೇಕೆಂದು ತಿಳಿಯದೆ ನಿಂತಳು. ಆಮೇಲೆ ಧಾರವಾಡದ ಮಾತು ಹೋಯಿತು. ಒಂದು ಬೆಳಿಗ್ಗೆ ಚಹಾ ತಂದುಕೊಟ್ಟ ಗಂಡನನ್ನು ನೋಡಿ ಅವಳು, “ನೀವು ಯಾರನ್ನು ನೋಡಲಿಕ್ಕೆ ಬಂದದ್ದು?” ಎಂದಳು. ಧಾರವಾಡದ ಆಸ್ಪತ್ರೆಯಲ್ಲಿ ಶಿವಲಿಂಗಪ್ಪ ಅವ್ವನನ್ನು ನೋಡಲು ಹೋಗಿದ್ದಾಗ ಹೊಸ ನರ್ಸು ಮೋಲಿ ಮೊದಲ ಸಲ ಕೇಳಿದ್ದು ಇದನ್ನೇ, ಇದೇ ಕನ್ನಡದಲ್ಲಿ.

“ನಿಮ್ಮನ್ನ ನೋಡಾಕ ಬಂದೇನ್ರಿ,” ಎಂದ. ಅವಳು ನಾಚಿ ನಕ್ಕಳು.

ಅವತ್ತು ಅವನಿಗೆ ತನ್ನ ಹಳೆಯ ಪಾಠ ನೆನಪಾಯಿತು. ಇಳಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ಹತ್ತುತ್ತಿದ್ದಾಳೆ ಇವಳು. ಇದು ತಾನು ನಿಂತ ಮೆಟ್ಟಿಲು. ಇದನ್ನು ದಾಟಿದರೆ ಅದರಾಚೆ ಶಿವಲಿಂಗಪ್ಪನೆಂಬವನು ಇನ್ನೂ ಸಿಕ್ಕೇ ಇಲ್ಲ. ಹೆದರಿಕೆಯಿಂದ ಅವನು ದಿನವೂ ಎದುರು ಕುಳಿತು ಮಾತಾಡಿಸಿದ, ಮದುವೆಯ ಫೋಟೋ ತೋರಿಸಿದ, ಸಿಟ್ಟು ಬಂದು ಬೈದದ್ದೂ ಉಂಟು. ಅವಳು ನಿಲ್ಲಲಿಲ್ಲ. ಕನ್ನಡ ಪೂರಾ ಹೋಗಿ ಕೊಂಕಣಿಯೊಂದೇ ಉಳಿಯಿತು. ಅವನಿಗೆ ಕೊಂಕಣಿ ಬರುತ್ತಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ ಹೆಂಡತಿಯ ಭಾಷೆಯ ನಾಲ್ಕು ಮಾತು ಕಲಿಯದಿದ್ದದ್ದಕ್ಕೆ ಅವನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ.

ಕತ್ತಲಾಗುವ ಹೊತ್ತಿಗೆ ಅವಳ ತಳಮಳ ಶುರುವಾಗುತ್ತಿತ್ತು. “ನಮಾನ್ ಮರಿಯೆ” ಎಂದು ಆರಂಭಿಸಿ ಅಷ್ಟು ದೂರ ಹೇಳಿ ಗಕ್ಕನೆ ನಿಲ್ಲುವಳು. ಅವನ ಮುಖ ನೋಡುವಳು. ಮತ್ತೆ ಮೊದಲಿಂದ ಶುರು, ಮತ್ತೆ ಅಲ್ಲಿಗೇ ನಿಲ್ಲುವುದು, ಕೊನೆಗೆ ತೊಡೆ ತೊಡೆ ಬಡಿದುಕೊಂಡು ಅಳು. ಮುಂದಿನದು ಮರೆತುಹೋಗಿದೆ ಪಾಪ ಎಂದುಕೊಂಡಿದ್ದ ಅವನು.

ನೋಡಿಕೊಳ್ಳಲು ಬರುತ್ತಿದ್ದ ಶೆರ್ಲಿನ್, ಹತ್ತಿರದ ಕ್ಲೈಡ್ ನಾರ್ತ್‌ನಲ್ಲಿದ್ದ ಮಂಗಳೂರಿನ ಹುಡುಗಿ. ಒಂದು ಸಂಜೆ ತಡವಾಗಿ ಹೊರಟಿದ್ದವಳು ಇದನ್ನು ಕಂಡು ಬಾಗಿಲಲ್ಲೇ ನಿಂತಳು.

“ಮರೆತದ್ದಲ್ಲ ಅಂಕಲ್. ತೆರ್ಸ್ ಅಂದರೆ ಹಾಗೆ ಒಬ್ಬರೇ ಹೇಳುವುದಲ್ಲ. ಅರ್ಧ ಅವರು ಹೇಳುವುದು, ಮತ್ತರ್ಧ ಜೊತೆಗೆ ಕೂತವರು ಹೇಳಬೇಕು. ಆಂಟಿ ನಿಮಗೆ ಕಾಯ್ತಾ ಇದ್ದಾರೆ.”

ತೆರ್ಸ್ ಎಂದರೆ ಜಪಮಾಲೆ, ಸಂಜೆ ಮನೆಮಂದಿಯೆಲ್ಲ ಮೊಣಕಾಲೂರಿ ಹೇಳುವುದು ಎಂದು ಅವಳೇ ತಿಳಿಸಿದಳು. ಲಿಂಗ ಕಟ್ಟಿದ ಮುದುಕ, ಮೇರಿಮಾತೆಯ ಪ್ರಾರ್ಥನೆಯ ಉತ್ತರಾರ್ಧವನ್ನು ಶೆರ್ಲಿನ್ ಹತ್ತಿರ ಹೇಳಿಸಿಕೊಂಡು, ತರಕಾರಿ ಹೆಚ್ಚುವಾಗ, ಬಟ್ಟೆ ಒಣಹಾಕುವಾಗ ಗಟ್ಟು ಹೊಡೆದ. ಪಾಪಿಗಳಾದ ನಮಗಾಗಿ ಈಗಲೂ, ನಮ್ಮ ಮರಣದ ವೇಳೆಯಲ್ಲೂ ಬೇಡಿಕೋ ತಾಯಿ ಎಂಬುದು ಅದರ ಅರ್ಥವಂತೆ. ಮೊದಲ ಸಲ ತಪ್ಪುತಪ್ಪಾಗಿ ಉತ್ತರ ಕೊಟ್ಟಾಗ ಮೋಲಿ ಉಸಿರು ಬಿಟ್ಟು ಮುಂದಿನ ಮಣಿಗೆ ಹೋದಳು. ಅವನನ್ನು ಅವಳು ಯಾರೆಂದುಕೊಂಡಿದ್ದಳೋ, ಅಪ್ಪನೋ, ಅಣ್ಣನೋ. ಯಾರಾದರೂ ಆಗಲಿ, ಉತ್ತರ ಕೊಡುವವನು ತಾನೇ ಎಂದು ಅವನು ಸಮಾಧಾನ ಮಾಡಿಕೊಂಡ. ಆ ಸಮಾಧಾನ ಪೂರ್ತಿ ಆಗಿರಲಿಲ್ಲ.

* * *

ಸ್ಮಶಾನದಲ್ಲಿ ಗಾಳಿ ಜೋರಾಗಿತ್ತು. ಫಾದರ್ ತಮ್ಮ ಪ್ರಾರ್ಥನೆ ಮುಗಿಸಿ ಹಿಂದೆ ಸರಿದು, ಮನೆಯವರು ತಮ್ಮ ಭಾಷೆಯಲ್ಲಿ ಏನಾದರೂ ಹೇಳುವುದಿದ್ದರೆ ಹೇಳಬಹುದು ಎಂದರು. ಲಯನೆಲ್ ಕೋಟಿನ ಜೇಬಿನಿಂದ ಜಪಮಾಲೆ ತೆಗೆದು ಗುಂಡಿಯ ಆ ಬದಿಯಲ್ಲಿ ನಿಂತ. ಶಿವಲಿಂಗಪ್ಪ, ಮಹಾಶ್ವೇತಾ, ದ್ಯಾಮಣ್ಣ ಈ ಬದಿಯಲ್ಲಿದ್ದರು. ಶೆರ್ಲಿನ್‌ಗೆ ಡ್ಯೂಟಿ, ಇಗರ್ಜಿಯಿಂದಲೇ ಹೋಗಿದ್ದಳು.

“ನಮಾನ್ ಮರಿಯೆ,” ಎಂದು ಲಯನೆಲ್ ಶುರುಮಾಡಿದ. ತನ್ನ ಅರ್ಧ ಹೇಳಿ ನಿಲ್ಲಿಸಿ, ಮಕ್ಕಳ ಕಡೆ ನೋಡಿದ. ಆಲ್ರಾಯ್, ಲೀಶಾ ಇಬ್ಬರೂ ಸಿಡ್ನಿಯಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಆ ಮಾತು ಬರುತ್ತಿರಲಿಲ್ಲ. ಲೀಶಾ ತಲೆ ತಗ್ಗಿಸಿದಳು. ಲಯನೆಲ್‌ನ ಮುಖ ಕೆಂಪಾಯಿತು. ಅವನು ಮತ್ತೆ ಮೊದಲಿಂದ ಹೇಳಿ ಅಲ್ಲಿಗೇ ನಿಲ್ಲಿಸಿದ.

ಉತ್ತರ ಗುಂಡಿಯ ಈ ಬದಿಯಿಂದ ಬಂತು.

ಶಿವಲಿಂಗಪ್ಪ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಉಚ್ಚಾರ ಎಲ್ಲ ಧಾರವಾಡದ್ದೇ, ಆದರೆ ಒಂದು ಪದವೂ ಬಿಟ್ಟಿರಲಿಲ್ಲ. ದ್ಯಾಮಣ್ಣ ಬಾಯಿ ತೆರೆದು ನೋಡಿದ. ಲಯನೆಲ್ ದಂಗಾಗಿ ನಿಂತವನು ಸಾವರಿಸಿಕೊಂಡು ಮುಂದಿನ ಮಣಿ ಹಿಡಿದ. ಅವನು ಅರ್ಧ, ಇವನು ಅರ್ಧ, ಹೀಗೆ ಒಂದಷ್ಟು ಮಣಿ ಸಾಗಿದವು.

ನಡುವೆ ಲಯನೆಲ್‌ನ ದನಿ ಒಡೆಯಿತು.

“ಯಾರು ಕಲಿಸಿದ್ದು?” ಎಂದು ಕೇಳಿದ.

“ಆಕೀನ. ದಿನಾ ಸಂಜಿಕ ನಾವಿಬ್ರೂ ಹೇಳ್ತಿದ್ವಿ.”

ಚಿಕ್ಕಂದಿನಲ್ಲಿ ತಾನು ತಂಗಿಯ ಜೊತೆ ಮೊಣಕಾಲೂರಿ ಕೂರುತ್ತಿದ್ದ ಜಾಗದಲ್ಲಿ ಈ ಮನುಷ್ಯ ಕೂತಿದ್ದ, ತಾನು ಕೂತಿರಲಿಲ್ಲ. ಅದು ಲಯನೆಲ್‌ಗೆ ಈಗ ತಾನೇ ತಿಳಿದಂತಿತ್ತು. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳದೆ ಜಪಮಾಲೆಯನ್ನು ಗುಂಡಿಯ ಮೇಲಿಂದ ಚಾಚಿದ.

“ನನ್ನಿಂದ ಆಗುವುದಿಲ್ಲ. ಮುಂದಿನದು ನೀವೇ ಹೇಳಿ, ಭಾವ.”

ಶಿವಲಿಂಗಪ್ಪ ಜಪಮಾಲೆ ತೆಗೆದುಕೊಂಡ. ಕೇಳಿ ಕೇಳಿ ಮೊದಲರ್ಧವೂ ಅವನಿಗೆ ಬಾಯಿಗೆ ಬರುತ್ತಿತ್ತು. ಒಂದು ದಿನವೂ ಅದನ್ನು ಹೇಳಿರಲಿಲ್ಲ.

“ಮೊದಲಿಂದು ನಂದಲ್ರೀ,” ಎಂದ. “ಅದು ಆಕೀದು.”

ಒಂದು ಮಣಿ ಹಿಡಿದು ಸುಮ್ಮನೆ ನಿಂತ. ಮೋಲಿಗೆ ತನ್ನ ಅರ್ಧ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಎಲ್ಲಿ ಅವಳು ಉಸಿರೆಳೆದುಕೊಳ್ಳುತ್ತಿದ್ದಳೋ ಅಲ್ಲಿ ತಾನೂ ಉಸಿರೆಳೆದುಕೊಂಡು, ಪೆಟ್ಟಿಗೆಯನ್ನೇ ನೋಡುತ್ತ ಕಾದ. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ತನ್ನ ಅರ್ಧ ಹೇಳಿದ. ಮುಂದಿನ ಮಣಿ ಹಿಡಿದು ಮತ್ತೆ ಸುಮ್ಮನಾದ.

ಈ ಸಲ ಲಯನೆಲ್ ಕೂಡ ಕಾದ. ಮೋಲಿಯ ಸರದಿ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಉತ್ತರ ಕೊಟ್ಟರು.